ಉದ್ದ ಮಾಡಿದ ಹಾಡು

ನಮ್ಮ ಮಗಳು ನೀಲಗಂಗಾ ಲಿಂಗೈಕ್ಯಳಾಗಿ ವರ್ಷ ತುಂಬುವುದರೊಳಗೆ ಒಂದು ದಿನ ಬಶೀರ ನನ್ನ ಅಂಗಡಿಗೆ ಬಂದ. ನಾನು ವಿಭೂತಿ ಗಟ್ಟಿಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿಡುತ್ತ ಕುಳಿತಿದ್ದೆ. ದೇವರ ಸಾಮಾನಿನ ಅಂಗಡಿ ನನ್ನದು. ವಿಭೂತಿ, ಕರ್ಪೂರ, ಊದುಬತ್ತಿ, ಜನಿವಾರ, ಶಿವದಾರ, ಎಲ್ಲವೂ ಸಿಗುತ್ತವೆ. ಬಶೀರ ಬಂದಾಗಲೆಲ್ಲ ಊದುಬತ್ತಿಯ ಡಬ್ಬಿಗಳ ಮೇಲೆ ಬೆರಳಿನಿಂದ ತಾಳ ಬಡಿಯುವವನು. ನನ್ನ ಮಗಳ ತಂಡದಲ್ಲಿ ಡ್ರಮ್ಮು ನುಡಿಸುವವನು ಅವನೇ. ಅಂದು ಮಾತ್ರ ಕೈ ಕಟ್ಟಿಕೊಂಡು ನಿಂತ.

“ಕಾಕಾ, ಬರೂ ಐತವಾರ ನಮ್ಮ ರೆಕಾರ್ಡ ಸಭಾಕ್ಕ ಬರತೈತಿ” ಎಂದ.

“ಬರಲೇಬೇಕಲ್ಲಪಾ. ಯಾರನ್ನ ಬಿಟ್ಟಾರ?” ಎಂದೆ. ಬಾಯಿ ಹಾಗೆ ಹೇಳಿತು, ಕೈಯೊಳಗಿನ ಗಟ್ಟಿ ಮಾತ್ರ ಮುರಿದು ಎರಡಾಯಿತು.

ನಮ್ಮ ಊರಿನ ಮಂದಿ ಪ್ರೋಗ್ರೆಸಿವ್ ರಾಕ್ ಎಂಬ ಸಂಗೀತವೊಂದನ್ನು ಬಿಟ್ಟರೆ ಮತ್ತೆ ಯಾವುದಕ್ಕೂ ಮನಸ್ಸಿಟ್ಟು ಜಗಳಾಡಿದ್ದನ್ನು ನಾನು ಕಂಡಿಲ್ಲ. ನೀರಿನ ಪಾಳಿಗಿಲ್ಲ, ಬದುವಿಗಿಲ್ಲ, ಚುನಾವಣೆಗಂತೂ ಇಲ್ಲವೇ ಇಲ್ಲ. ಆರ್ಗನ್ನು, ಗಿಟಾರು, ಡ್ರಮ್ಮು ಎಲ್ಲ ಕೂಡಿಸಿ ಒಂದೇ ಹಾಡನ್ನು ಅರ್ಧ ತಾಸು ನುಡಿಸುವ, ನಡುವೆ ಮನಸ್ಸಿಗೆ ಬಂದಲ್ಲಿ ತಾಳ ತಿರುಗಿಸುವ ಸಂಗೀತ ಅದು. ಊರಿನವರ ಬಾಯಲ್ಲಿ ಬರೀ ಪ್ರೋಗ್. ಹುಟ್ಟಿದ್ದು ವಿಲಾಯತಿಯಲ್ಲಿ. ನಮ್ಮಲ್ಲಿಗೆ ಹೇಗೆ ಬಂತೋ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಹತ್ತಿಯ ಅಂಡಿಗೆಗಳನ್ನು ಒಯ್ದ ಗಾಡಿಗಳು ಮರಳಿ ಬರುವಾಗ ತಂದವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಐತವಾರ ಊಟವಾದ ಮೇಲೆ ಹಳೆಯ ಹತ್ತಿ ಜಿನ್ನಿನ ಗೋದಾಮಿನಲ್ಲಿ ಸಭೆ ಸೇರುತ್ತದೆ. ಒಂದು ರೆಕಾರ್ಡನ್ನು ನಡುವೆ ಎದ್ದುಹೋಗದೆ ಪೂರ್ತಿ ಕೇಳಬೇಕು. ಒಂದೊಂದು ಹಾಡಿಗೂ, ಇದು ನಮ್ಮ ಸಂಗೀತ ಎನ್ನುವವರು ಕುಳಿತಂತೆಯೇ ಇರುತ್ತಾರೆ. ಅಲ್ಲ ಎನ್ನುವವರು ಎದ್ದು ತಮ್ಮ ಕುರ್ಚಿ ತಿರುಗಿಸಿ ಯಂತ್ರಕ್ಕೆ ಬೆನ್ನು ಕೊಟ್ಟು ಕೂರುತ್ತಾರೆ. ಬೆನ್ನುಗಳು ಹೆಚ್ಚಾದವೆಂದರೆ ಆ ಹಾಡು ಹೊರಗೆ ಬಿತ್ತು. ಹೊರಗೆ ಬಿದ್ದ ಹಾಡು ಆ ಕ್ಷಣದಿಂದ ನಮ್ಮ ಊರಿನವರ ಕಿವಿಗೆ ಬೀಳುವುದಿಲ್ಲ. ರೆಕಾರ್ಡು ತಿರುಗುತ್ತದೆ, ಮುಳ್ಳು ಗೀರಿನಲ್ಲಿ ಓಡುತ್ತದೆ, ಸದ್ದು ಮಾತ್ರ ಇಲ್ಲ. ಗುನುಗಿದರೂ ಅಷ್ಟೇ, ಬಾಯಿ ಆಡುತ್ತದೆ, ಸ್ವರ ಕೇಳುವುದಿಲ್ಲ.

ಇದಕ್ಕೆ ನಾವು ಹೊಂದಿಕೊಂಡೇ ಬಾಳಿದ್ದೇವೆ. ಹೊರಗೂರಿನ ಬಸ್ಸಿನ ಕಂಡಕ್ಟರ್ ತನ್ನ ರೇಡಿಯೋಕ್ಕೆ ತಲೆ ತೂಗುತ್ತಿದ್ದರೆ ನಮ್ಮ ಪ್ರಯಾಣಿಕರು ಏನೂ ಕೇಳದಿದ್ದರೂ ಮರ್ಯಾದೆಗೆ ತಾವೂ ತಲೆ ತೂಗುತ್ತಾರೆ. ಮದುವೆಗೆ ಬಂದ ಬ್ಯಾಂಡಿನವರು ಗಲ್ಲ ಉಬ್ಬಿಸಿ ಊದುತ್ತಿರುವಾಗ ಬೀಗರು ನಿಶ್ಶಬ್ದದಲ್ಲಿ ಅಕ್ಷತೆ ಹಿಡಿದು ಕಾದದ್ದೂ ಉಂಟು. ಹೊರಗೆ ಬಿದ್ದ ರೆಕಾರ್ಡುಗಳು ಅಡುಗೆಮನೆಯಲ್ಲಿ ಹಾಲಿನ ಪಾತ್ರೆಯ ಮುಚ್ಚಳವಾಗುತ್ತವೆ. ಯಾರೂ ಎಸೆಯುವುದಿಲ್ಲ.

ಸಭೆಯಲ್ಲಿ ಎರಡು ಪಂಗಡ. ಒಂದು ಉದ್ದದವರದು. ಹಾಡು ಉದ್ದವಿರಬೇಕು, ಆರ್ಗನ್ನು ಇರಬೇಕು, ತಾಳ ಏಳಕ್ಕೋ ಹನ್ನೊಂದಕ್ಕೋ ಹೋಗಬೇಕು, ಇಲ್ಲವಾದರೆ ಅದು ಹಾಡೇ ಹೊರತು ಪ್ರೋಗ್ ಅಲ್ಲ ಎನ್ನುವವರು. ಹಿಟ್ಟಿನ ಗಿರಣಿಯ ಮಲ್ಲೇಶಪ್ಪ ಅವರ ಮುಖಂಡ. ಸಭೆಯಲ್ಲಿ ರೆಕಾರ್ಡು ಹಚ್ಚುವ ಯಂತ್ರ ಅವನದೇ ಆದ್ದರಿಂದ ಅಧ್ಯಕ್ಷನೂ ಅವನೇ. ಇನ್ನೊಂದು ಹೊಸದರವರದು. ಹಿಂದೆ ಯಾರೂ ಮಾಡದಿದ್ದುದನ್ನು ಮಾಡಿದರೆ ಅದೇ ಪ್ರೋಗ್, ಉದ್ದ ಗಿಡ್ಡ ನೋಡುವುದು ಬಟ್ಟೆ ಅಂಗಡಿಯ ಕೆಲಸ ಎನ್ನುವವರು. ಅವರ ಕಡೆ ಕನ್ನಡ ಶಾಲೆಯಲ್ಲಿ ಕಲಿಸುವ ಫಿಲೋಮಿನಾ ಬಾಯಿಯವರು. ವಿಲಾಯತಿಯ ಒಂದು ತಂಡದಲ್ಲಿ ಹಾಡುವವನು ಬಿಟ್ಟುಹೋದ ಮೇಲೆ ಉಳಿದವರು ಮಾಡಿದ ರೆಕಾರ್ಡು ಅದೇ ತಂಡದ್ದೋ ಅಲ್ಲವೋ ಎಂದು ಈ ಎರಡು ಪಂಗಡ ಒಂದು ಇಡೀ ಬೇಸಿಗೆ ಕಾದಾಡಿದವು. ಆ ಬೇಸಿಗೆಯಲ್ಲಿ ನಮ್ಮ ಓಣಿಯ ಅಣ್ಣತಮ್ಮಂದಿರಿಬ್ಬರು ಮನೆಯ ನಡುವೆ ಗೋಡೆ ಹಾಕಿಕೊಂಡರು. ಗೋಡೆ ಈಗಲೂ ಇದೆ. ಜಗಳಕ್ಕೆ ಕಾರಣವಾದ ರೆಕಾರ್ಡು ಇಬ್ಬರಿಗೂ ಕೇಳಿಸುವುದಿಲ್ಲ.

ಬದುಕಿರುವವರ ಹಾಡನ್ನು ಬೇಕಾದರೆ ಸಭೆಗೆ ತರಬಹುದು, ಬೇಡವಾದರೆ ಬಿಡಬಹುದು. ತೀರಿಕೊಂಡವರದನ್ನು ಮಾತ್ರ ವರ್ಷದೊಳಗೆ ತಂದು ತೀರ್ಮಾನಿಸಲೇಬೇಕು. ಅವರು ಇನ್ನು ಮೇಲೆ ಏನನ್ನೂ ತಿದ್ದಲಾರರು, ಆದ್ದರಿಂದ ಅವರ ಸ್ಥಾನ ಗೊತ್ತಾಗಬೇಕು ಎಂಬುದು ಸಭೆಯ ನಂಬಿಕೆ.

ನಾನು ಆ ಸಭೆಗೆ ಎಂದೂ ಹೋದವನಲ್ಲ. ಬೆಳಿಗ್ಗೆ ಪೂಜೆ, ಹಗಲು ಅಂಗಡಿ, ಸಂಜೆ ಮಠದ ಪುರಾಣ, ಇಷ್ಟೇ ನನ್ನ ಲೋಕ. ಆದರೆ ಮಗಳು ಕೈಕೂಸಾಗಿದ್ದಾಗಿನಿಂದ ಭಜನೆಯ ಹಾರ್ಮೋನಿಯಂ ಬಿಟ್ಟು ಏಳುತ್ತಿರಲಿಲ್ಲ. ಬೆಳೆದ ಮೇಲೆ ಆರ್ಗನ್ನು ಹಿಡಿದಳು. ಅವಳು, ಬಶೀರ, ಇನ್ನಿಬ್ಬರು ಕೂಡಿ ತಂಡ ಕಟ್ಟಿದರು, ಒಂದು ರೆಕಾರ್ಡು ಮಾಡಿದರು. ಒಂದು ಮಗ್ಗುಲಿಗೆಲ್ಲ ಒಂದೇ ದೊಡ್ಡ ಹಾಡು. ಅದನ್ನು ಕೇಳಿ ಮಲ್ಲೇಶಪ್ಪನಂಥ ಮಲ್ಲೇಶಪ್ಪ ಕಣ್ಣೊರೆಸಿಕೊಂಡನಂತೆ. ಅದರಲ್ಲಿ ನೀಲಾ ಬರೀ ಆರ್ಗನ್ನು ನುಡಿಸಿದ್ದಾಳೆ. ಇನ್ನೊಂದು ಮಗ್ಗುಲಿನ ಕೊನೆಗೆ, ಜಾಗ ಉಳಿಯಿತೆಂದು ಹಾಕಿದ ಹಾಗೆ, ಒಂದು ಸಣ್ಣ ಹಾಡು ಇದೆ. ಹಾಲು ಉಕ್ಕುವುದರೊಳಗೆ ಮುಗಿದುಹೋಗುತ್ತದೆ. ಒಂದು ಮುಂಜಾನೆ ದನಿ ಹಿಡಿಯುವ ಯಂತ್ರವನ್ನು ನಮ್ಮ ದೇವರ ಕೋಣೆಯ ಬಾಗಿಲಿಗೆ ತಂದಿಟ್ಟು, ನಾನು ಪೂಜೆ ಮಾಡುತ್ತಿರುವಾಗಲೇ ಆರ್ಗನ್ನಿಗೆ ಮೆಲ್ಲಗೆ ದನಿ ಕೂಡಿಸಿ ಹಾಡಿದಳು. ನನ್ನ ಗಂಟೆಯ ಸದ್ದೂ ಅದರಲ್ಲಿ ಬಂದಿದೆ. ಕೊನೆಗೆ ಅವಳು ನಕ್ಕು, “ಅಪ್ಪಾ, ಇನ್ನೊಮ್ಮೆ ಬಾರಸು” ಎನ್ನುತ್ತಾಳೆ, ಗಂಟೆ ಇನ್ನೊಮ್ಮೆ ಆಗುತ್ತದೆ, ಮುಗಿಯಿತು.

ಅವಳ ಬಾಯಿಯ ದನಿ ನಮಗೆ ಉಳಿದದ್ದು ಅದೊಂದರಲ್ಲೇ. ಫೋಟೋಗಳಿವೆ, ಸೀರೆಗಳಿವೆ, ಆರ್ಗನ್ನು ಮೂಲೆಯಲ್ಲಿದೆ. ದನಿ ಬೇರೆಲ್ಲಿಯೂ ಇಲ್ಲ. ಜ್ವರ ಅವಳನ್ನು ಒಯ್ದ ಮೇಲೆ ದಿನವೂ ಪೂಜೆ ಮುಗಿಸಿ ಆ ಹಾಡು ಹಚ್ಚುತ್ತಿದ್ದೆ. ಶಿವನ ಮೇಲೆ ನನಗೆ ಸಿಟ್ಟು ಬಂದಿದ್ದ ದಿನಗಳಲ್ಲಿಯೂ ಪೂಜೆ ತಪ್ಪಿಸಲಿಲ್ಲ, ಅದನ್ನು ಹಚ್ಚುವುದನ್ನೂ ತಪ್ಪಿಸಲಿಲ್ಲ. ನನ್ನ ಹೆಂಡತಿ ಗಿರಿಜಮ್ಮ ಅಡುಗೆಮನೆಯಲ್ಲಿ ಕೈಕೆಲಸ ನಿಲ್ಲಿಸಿ ಕೇಳುತ್ತಿದ್ದಳು. ಆ ಹೊತ್ತು ಮನೆಯಲ್ಲಿ ಮೂವರಿದ್ದಂತೆ ಇರುತ್ತಿತ್ತು.

ಬಶೀರ ಹೆದರಿದ್ದು ಆ ಹಾಡಿಗಾಗಿ. “ದೊಡ್ಡದರ ಚಿಂತಿ ಇಲ್ಲ ಕಾಕಾ. ಅದಕ್ಕ ಒಬ್ಬರೂ ಬೆನ್ನ ತಿರಗಸೂದಿಲ್ಲ. ಆದರ ಸಣ್ಣದು... ನೀವ ನೋಡ್ರಿ, ತಾಳ ನೆಟ್ಟಗ ನಾಕಕ್ಕ ಹೊಂಟೈತಿ. ಎಲ್ಲೂ ತಿರಗೂದಿಲ್ಲ. ಗಿರಣಿ ಸಾವಕಾರ ಅಂತೂ ಸುರುವಾಗೂದರೊಳಗ ಕುರ್ಚಿ ತಿರಗಸತಾನ.”

“ಮುಂದ?” ಎಂದೆ.

ಅವನು ಅಂಗಿಯ ಕಿಸೆಯಿಂದ ಒಂದು ಕ್ಯಾಸೆಟ್ ತೆಗೆದ. ಆಗ ನನಗೆ ಗೊತ್ತಾಯಿತು, ಕೈ ಕಟ್ಟಿಕೊಂಡು ನಿಂತದ್ದು ಹೆದರಿಕೆಗಷ್ಟೇ ಅಲ್ಲ, ಕಿಸೆಯಲ್ಲಿದ್ದುದನ್ನು ಕಾಯಲು. ವೆಲ್ಡಿಂಗ್ ಅಂಗಡಿ ಮುಚ್ಚಿ ತಿಂಗಳುಗಟ್ಟಲೆ ಅವನೂ ಉಳಿದಿಬ್ಬರೂ ಆ ಹಾಡನ್ನು ಬೆಳೆಸಿದ್ದರು. ತಾಲೀಮಿನಲ್ಲಿ ನೀಲಾ ನುಡಿಸಿದ ಆರ್ಗನ್ನಿನ ಚೂರುಗಳನ್ನು ಹುಡುಕಿ ಮುಂದೆ ಜೋಡಿಸಿದ್ದರು, ಹಿಂದೆ ಜೋಡಿಸಿದ್ದರು, ನಡುವೆ ಡ್ರಮ್ಮನ್ನು ಏಳು ಮಾತ್ರೆಗೆ ತಿರುಗಿಸಿದ್ದರು. “ಈಗ ಪೂರಾ ಒಂದ ಮಗ್ಗಲ ತುಂಬತೈತಿ. ಸಣ್ಣದರ ಬದಲಿ ಇದನ್ನ ಸಭಾದಾಗ ಇಡೂಣು. ಯಾರೂ ಮಾತಾಡೂಹಂಗಿಲ್ಲ” ಎಂದ. ಅವನ ಕಣ್ಣುಗಳು ಹೊಳೆಯುತ್ತಿದ್ದವು. ಸ್ವಂತ ತಂಗಿಯ ಮದುವೆಗೆ ಒಡವೆ ಮಾಡಿಸಿ ತಂದವನ ಹಾಗೆ ಕಂಡ.

ಮನೆಯೊಳಗೆ ಕೂತು ಮೂವರೂ ಕೇಳಿದೆವು. ಬಹಳ ಹೊತ್ತು ಆರ್ಗನ್ನು ಬಂತು, ಗಿಟಾರು ಬಂತು, ಗಾಳಿ ಎದ್ದಂತೆ ಆಯಿತು. ನಾನು ಸಂಗೀತ ತಿಳಿದವನಲ್ಲ. ಆದರೂ ಅದು ಭಾರಿಯಾಗಿತ್ತು ಎಂದು ಹೇಳಬಲ್ಲೆ. ಎಲ್ಲೋ ನಡುವೆ, ಡ್ರಮ್ಮಿನ ಕೆಳಗೆ, ನೀಲಾ ಹಾಡಿದಳು. ಆಮೇಲೆ ಮತ್ತೆ ಗಿಟಾರು ಬಂದು ಮುಚ್ಚಿತು.

ಗಿರಿಜಮ್ಮ, “ಆಕಿ ಮಾತಾಡಿದ್ದು ಎಲ್ಲೈತಿ?” ಎಂದು ಕೇಳಿದಳು.

“ಅದನ್ನ ತಗದೀನ್ರಿ ಕಾಕು. ಅಲ್ಲಿ ಮಾತ ಬಂದ್ರ ಓಟ ನಿಂತಬಿಡತೈತಿ. ಅದು ಹೆಂಗೂ ರೆಕಾರ್ಡಿನ್ಯಾಗ ಇದ್ದ ಐತೆಲ್ರಿ, ಮನ್ಯಾಗ ಕೇಳಬೌದು.”

“ಇದ್ದರ ಆತು” ಎಂದು ಅವಳು ಎದ್ದು ಅವನಿಗೆ ಚಹಾ ಮಾಡಲು ಹೋದಳು. ಸಕ್ಕರೆ ಎರಡು ಸಲ ಹಾಕಿದಳು. ಬಶೀರ ಪೂರ್ತಿ ಕುಡಿದ.

ಐತವಾರ ನಾವಿಬ್ಬರೂ ಜಿನ್ನಿನ ಗೋದಾಮಿಗೆ ಹೋದೆವು. ಮೂಲೆಗಳಲ್ಲಿ ಹತ್ತಿಯ ನಾರು ಇನ್ನೂ ಅಂಟಿಕೊಂಡಿತ್ತು. ನಮ್ಮನ್ನು ಕಂಡು ಎಲ್ಲರೂ ಎದ್ದು ನಿಂತರು. ಮಲ್ಲೇಶಪ್ಪ ತಾನೇ ಎರಡು ಕುರ್ಚಿ ಒರೆಸಿ ಮುಂದೆ ಹಾಕಿಸಿ, “ಬರ್ರಿ ಅಯ್ಯಾರ, ಬರ್ರಿ ಅವ್ವಾರ. ಇವತ್ತ ನಮ್ಮೂರಿನ ಭಾಗ್ಯ, ಅಂಥಾ ರೆಕಾರ್ಡ ಐತಿ” ಎಂದ.

ದೊಡ್ಡ ಹಾಡು ಮೊದಲು ಆಯಿತು. ಒಂದು ಕುರ್ಚಿಯೂ ಅಲುಗಲಿಲ್ಲ. ಎರಡನೆಯ ಮಗ್ಗುಲಿನ ಮೊದಲ ಹಾಡುಗಳ ಮೇಲೆ ಸ್ವಲ್ಪ ಮಾತುಕತೆ ನಡೆಯಿತು.

“ಹಾಡು ಅಂದಮ್ಯಾಲೆ ಒಬ್ಬನ ಊಟ ಮುಗಿಯೂಮಟಾ ಆದ್ರೂ ಇರಬೇಕು” ಎಂದ ಮಲ್ಲೇಶಪ್ಪ.

“ಯಾರ ಊಟ ಅಂತ ಹೇಳಿಬಿಡ್ರಿ ಸಾವಕಾರ್ರ” ಎಂದು ಹಿಂದಿನಿಂದ ಫಿಲೋಮಿನಾ ಬಾಯಿಯವರು ಕೇಳಿದರು. “ನಿಮ್ಮ ಊಟ ಮುಗಿಯೂತನಕ ಅಂದ್ರ ಹಾಡವರು ನಡುವ ಒಂದ ನಿದ್ದಿ ಮಾಡಬೇಕಾಗತೈತಿ.”

ಗೋದಾಮು ನಕ್ಕಿತು. ಮಲ್ಲೇಶಪ್ಪನೂ ಹೊಟ್ಟೆ ಸವರಿಕೊಂಡು ನಕ್ಕ. “ಬಾಯಾರ, ನೀವು ಹೊಸಾದು ಹೊಸಾದು ಅಂತೀರಿ. ನಾಳೆ ಯಾರರೆ ತಗಡ ಬಡದು ಹೊಸಾದು ಅಂದ್ರ ಅದನ್ನೂ ಒಳಗ ತಗೋತೀರೇನು?”

“ಚಲೋ ಬಡದ್ರ ತಗೋತೀನಿ. ನಿಮ್ಮ ಗಿರಣಿ ಪಟ್ಟಾಕಿಂತ ಚಲೋ ಬಡೀಬೇಕು, ಅಷ್ಟ.”

ಆ ಹಾಡುಗಳೂ ಒಳಗೆ ಬಂದವು. ನನ್ನ ಎದೆಯ ಮೇಲಿನ ಕಲ್ಲು ಸ್ವಲ್ಪ ಸರಿಯಿತು. ನಗುವ ಮಂದಿ, ನನ್ನ ಮಗಳನ್ನು ಬಲ್ಲ ಮಂದಿ. ಇವರು ಏಕೆ ಕೆಡುಕು ಮಾಡುತ್ತಾರೆ ಎನ್ನಿಸಿತು. ಆಗ ಬಶೀರ ಎದ್ದು ಕ್ಯಾಸೆಟ್ ಮುಂದಿಟ್ಟು, ಕೊನೆಯ ಹಾಡನ್ನು ತಾವು ಬೆಳೆಸಿ ತಂದಿರುವುದಾಗಿ ಹೇಳಿದ. ಮಲ್ಲೇಶಪ್ಪ ಸಂತೋಷದಿಂದ ತಲೆದೂಗಿದ. ಅದನ್ನು ಪೂರ್ತಿ ಕೇಳಿದರು. ಏಳು ಮಾತ್ರೆಗೆ ತಿರುಗುವ ಜಾಗದಲ್ಲಿ ಉದ್ದದವರು ಒಬ್ಬರನ್ನೊಬ್ಬರು ನೋಡಿ ತೊಡೆ ತಟ್ಟಿದರು. ಮುಗಿದಾಗ ಕುರ್ಚಿಗಳು ಇದ್ದಲ್ಲೇ ಇದ್ದವು. ಬಶೀರ ನಮ್ಮ ಕಡೆ ತಿರುಗಿ ನೋಡಿದ. ಗೆದ್ದವನ ಮುಖ ಅದು.

ಫಿಲೋಮಿನಾ ಬಾಯಿಯವರು ಎದ್ದು ನಿಂತರು. “ಇದು ಚಲೋ ಐತಿ. ಇದರ ಮ್ಯಾಲೆ ನಂದೇನೂ ಇಲ್ಲ. ಆದರ ಬಶೀರ, ರೆಕಾರ್ಡಿನ್ಯಾಗಿನ ಸಣ್ಣ ಹಾಡು ಬ್ಯಾರೆ ಐತಲ್ಲೋ? ಅದನ್ನೂ ತೀರ್ಮಾನ ಮಾಡಬೇಕಲ್ಲ. ಅದನ್ಯಾಕ ಉದ್ದ ಮಾಡಿದಿ?”

“ಅದೇನ್ರೀ ಬಾಯಾರ, ನಿಮಗ ಗೊತ್ತಿಲ್ಲೇನು? ಬರೇ ಅಷ್ಟ ಬಿಟ್ಟಿದ್ರ ಅದು ಪ್ರೋಗ್ ಆಗತಿರಲಿಲ್ಲ. ಅದಕ್ಕ ಬೆಳಿಸಿದ್ವಿ” ಎಂದ ಬಶೀರ.

ಸಭೆಯಲ್ಲಿ ಒಂದು ಕಟ್ಟಳೆ ಇತ್ತು, ಅದು ನಮ್ಮಿಬ್ಬರಿಗೆ ಅಲ್ಲಿಯತನಕ ಗೊತ್ತಿರಲಿಲ್ಲ. ಒಂದು ಹಾಡು ಪ್ರೋಗ್ ಅಲ್ಲವೆಂದು ಅದನ್ನು ಮಾಡಿದವರಲ್ಲೇ ಒಬ್ಬರು ಬಾಯಿಬಿಟ್ಟು ಹೇಳಿದರೆ ಆಮೇಲೆ ವಾದಕ್ಕೆ ಎಡೆಯಿಲ್ಲ, ಸಭೆಯವರೆಲ್ಲ ಬೆನ್ನು ಕೊಡಲೇಬೇಕು. ಬಶೀರನಿಗೆ ಅದು ಚೆನ್ನಾಗಿ ಗೊತ್ತಿತ್ತು. ಇಷ್ಟು ವರ್ಷ ಬೇರೆಯವರ ಹಾಡುಗಳ ಮೇಲೆ ಆ ಕಟ್ಟಳೆ ನಡೆದದ್ದನ್ನು ಅವನೇ ಕಂಡಿದ್ದ. ಆದರೆ ತಾನು ಆ ಹಾಡಿನ ಪರವಾಗಿಯೇ ಮಾತಾಡುತ್ತಿದ್ದೇನೆ ಎಂಬ ಭರದಲ್ಲಿ ಅದು ನೆನಪಾಗಲಿಲ್ಲ.

“ಅಯ್ಯೋ ಹುಡುಗಾ” ಎಂದರು ಬಾಯಿಯವರು. ಬಶೀರನ ಮೀಸೆ ಆಗಲೇ ನರೆತಿತ್ತು. “ನಾನು ಇವತ್ತ ಬಂದದ್ದ ಆ ಸಣ್ಣ ಹಾಡಿನ ಸಲುವಾಗಿ. ನಮ್ಮ ಮಂದಿ ಎಲ್ಲಾರೂ ಅದಕ್ಕ ಬಂದಾರ. ಈ ಊರಾಗ ಎಲ್ಲಾರೂ ಒಬ್ಬರಕಿಂತ ಒಬ್ಬರು ಉದ್ದ ಮಾಡಾಕ ಹೊಂಟಾಗ ಆಕಿ ಒಬ್ಬಾಕಿ, ಸಣ್ಣದ ಸಾಕು ಅಂತ ಕೈ ತಗದಳು. ಇಡೀ ರೆಕಾರ್ಡಿನ್ಯಾಗ ಮುಂದ ಹೋದ ಹಾಡು ಅದ ಒಂದು. ಇದನ್ನ ಹೇಳಬೇಕಂತ ಬಂದಿದ್ದೆ. ಎಣಿಸಿ ನೋಡು, ನಾವ ಇವತ್ತ ಹೆಚ್ಚದೀವಿ.”

ನಾನೂ ತಿರುಗಿ ನೋಡಿದೆ. ಹಿಂದಿನ ಸಾಲುಗಳಲ್ಲಿ ನಮ್ಮ ಅಂಗಡಿಗೆ ಬರುವ ಎಷ್ಟೋ ಮುಖಗಳಿದ್ದವು. ಸಭೆಗೆ ಎಂದೂ ಹೋಗದ ಹೆಣ್ಣುಮಕ್ಕಳು, ನೀಲಾಳ ಹತ್ತಿರ ಹಾರ್ಮೋನಿಯಂ ಕಲಿತವರು.

“ನಾ ಅಂದದ್ದು ಹಂಗಲ್ರಿ” ಎಂದ ಬಶೀರ. “ನಾ ಅಂದದ್ದು... ಸಾವಕಾರ್ರ, ನಾನು ಮಾತ ತಪ್ಪಿದೆ. ತಿರಗಿ ತಗೋತೀನಿ.”

ಮಲ್ಲೇಶಪ್ಪನ ಮುಖ ಇಳಿದುಹೋಗಿತ್ತು. ಅವನು ಕೆಟ್ಟವನಲ್ಲ. “ತಗೊಳ್ಳಾಕ ಬಂದಿದ್ರ ಎಷ್ಟ ಮಂದಿ ಎಷ್ಟ ತಗೋತಿದ್ರೋ ಬಶೀರ. ಕ್ಯಾಸೆಟ್ ಬ್ಯಾರೆ ಮುಂದಿಟ್ಟೀಯಲ್ಲ. ಮಾತಿಗಿಂತ ಅದು ದೊಡ್ಡ ಸಾಕ್ಷಿ ಆತು” ಎಂದ. ಆಮೇಲೆ ನಮ್ಮ ಮುಂದೆ ಬಂದು, “ಅಯ್ಯಾರ, ನೀವು ಒಂದ ಮಾತ ಹೇಳ್ರಿ. ನೀವು ಹೇಳಿದ್ರ ನಾ ಯಂತ್ರಾ ಮನಿಗೆ ಒಯ್ತೀನಿ, ಈ ಸಭಾನ ಮುರದಬಿಡ್ತೀನಿ” ಎಂದ. ಸಭೆ ಮುರಿದರೂ ಬಶೀರನ ಮಾತು ಆಡಿಯಾಗಿತ್ತು. ನನ್ನ ಬಾಯಿಗೆ ಶಿವಶಿವಾ ಎಂದು ಅಷ್ಟೇ ಬಂತು.

ಸಣ್ಣ ಹಾಡನ್ನು ಹಚ್ಚಿದರು. ಕಟ್ಟಳೆಯಂತೆ ಎಲ್ಲರೂ ಎದ್ದು ಒಂದೊಂದಾಗಿ ಕುರ್ಚಿ ತಿರುಗಿಸತೊಡಗಿದರು. ಬಾಯಿಯವರು ತಿರುಗಿಸುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ನಾವು ಗಂಡಹೆಂಡತಿ ಯಂತ್ರದ ಕಡೆಗೇ ಕುಳಿತೆವು, ಬಶೀರ ನಿಂತೇ ಇದ್ದ. ಒಂದೊಂದಾಗಿ ತಿರುಗುತ್ತಿದ್ದ ಬೆನ್ನುಗಳ ನಡುವೆ ನೀಲಾ ಹಾಡಿದಳು. ನಾನು ಪೂಜೆಯಲ್ಲಿ ಕೂತಾಗಲೂ ಅಷ್ಟು ಏಕಚಿತ್ತದಿಂದ ಕೂತವನಲ್ಲ. ನನ್ನ ಗಂಟೆ ಕೇಳಿತು. ಅವಳು ನಕ್ಕಳು, “ಅಪ್ಪಾ” ಎಂದಳು. ಅಷ್ಟರಲ್ಲಿ ಬೆನ್ನುಗಳು ಹೆಚ್ಚಾದವು, ಮುಂದಿನದು ಕೇಳಲಿಲ್ಲ. ಮುಳ್ಳು ಇನ್ನೂ ಓಡುತ್ತಲೇ ಇತ್ತು.

ಬಶೀರ ಕೆಲವು ತಿಂಗಳು ನಮ್ಮ ಓಣಿಗೆ ಬರಲಿಲ್ಲ. ಗಿರಿಜಮ್ಮನೇ ಒಂದು ದಿನ ಅವನ ವೆಲ್ಡಿಂಗ್ ಅಂಗಡಿಗೆ ಹೋಗಿ, “ಏನೋ, ಕಾಕು ಸತ್ತಾಳಂತ ತಿಳಕೊಂಡಿ ಏನು? ಬಾ ಮನಿಗೆ” ಎಂದು ಬೈದು ಕರೆತಂದಳು. ಅವನು ಬಂದು ಕೂತು ಅತ್ತ. ನಾವು ಅವನನ್ನು ಒಂದು ಮಾತೂ ಅನ್ನಲಿಲ್ಲ. ಅವನು ಪ್ರೀತಿಯಿಂದ ಮಾಡಿದ್ದು ಅದು. ಪ್ರೀತಿಗೆ ಹೆದರಿಕೆ ಕೂಡಿದರೆ ಇದ್ದದ್ದು ಸಾಲದು ಅನ್ನಿಸಿಬಿಡುತ್ತದೆ. ಇಷ್ಟೇ ಸಾಕು ಎನ್ನುವ ಧೈರ್ಯ ನಮ್ಮ ಮಗಳಿಗೊಬ್ಬಳಿಗೇ ಇತ್ತು. ಉದ್ದನೆಯ ಹಾಡನ್ನು ಊರಿನಲ್ಲಿ ಈಗ ಎಲ್ಲರೂ ಕೇಳುತ್ತಾರೆ, ಚಹಾದ ಅಂಗಡಿಯಲ್ಲಿ ಸಹ ಹಚ್ಚುತ್ತಾರೆ. ಡ್ರಮ್ಮಿನ ಕೆಳಗೆ ಅವಳಿದ್ದಾಳೆ, ಸುಳ್ಳಲ್ಲ. ಆದರೆ ನಾನು ಅಲ್ಲಿ ನಿಂತು ಕೇಳಿದಾಗ ತುಂಬಿದ ಬಸ್ಸಿನ ಕಿಟಕಿಯಲ್ಲಿ ಮಗಳನ್ನು ಕಂಡು ಕೈ ಎತ್ತುವುದರೊಳಗೆ ಬಸ್ಸು ಹೋದಂತಾಗುತ್ತದೆ.

ಆ ರೆಕಾರ್ಡು ನಮ್ಮ ಮನೆಯಲ್ಲಿ ಪಾತ್ರೆಯ ಮುಚ್ಚಳವಾಗಲಿಲ್ಲ. ಪೂಜೆ ಮುಗಿದ ಮೇಲೆ ನಾನು ಅದನ್ನು ಹಚ್ಚುತ್ತೇನೆ. ತಿರುಗುವುದನ್ನು ನೋಡುತ್ತ ಕೂರುತ್ತೇನೆ. ಗಿರಿಜಮ್ಮ ಮೊದಮೊದಲು ನೋಡುತ್ತಿದ್ದಳು, ಆಮೇಲೆ ಆ ಹೊತ್ತಿಗೆ ಹಿತ್ತಿಲಿಗೆ ಹೋಗತೊಡಗಿದಳು. “ಇಲ್ಲದ್ದನ್ನ ಎಷ್ಟಂತ ನೋಡತೀರಿ” ಎಂದು ಒಮ್ಮೆ ಅಂದಳು, ಅಷ್ಟೇ.

ಮೊನ್ನೆ ದೀಪಾವಳಿಗೆ ಮುಂಚೆ ಕರ್ಪೂರ ಮಾರುವ ಹೊಸ ವ್ಯಾಪಾರಿಯೊಬ್ಬ ಬಂದ. ತಿಪ್ಪಣ್ಣ ಎಂದು ಹೆಸರು. ನದಿಯಾಚೆಯ ಊರಿನವನು, ನಡುವಯಸ್ಸು, ಹೆಗಲಿಗೆ ಚೀಲ. ಅಂಗಡಿಯ ಹಿಂದೆಯೇ ಮನೆಯಾದ್ದರಿಂದ ನಾನು ಒಳಗಿನಿಂದಲೇ “ಬಂದೆ, ಕೂಡಪಾ” ಎಂದೆ. ಅವನು ಹೊರಗೆ ಕಟ್ಟೆಯ ಮೇಲೆ ಚೀಲ ಬಿಚ್ಚುತ್ತ, “ಅಯ್ಯಾರ, ನಮ್ಮ ಮಾಲು ಭಾಳ ಬೆಳ್ಳಗೈತ್ರಿ, ಹೊಗೀನ ಇಲ್ಲ...” ಎಂದು ಹೇಳುತ್ತಿದ್ದವನು ಅರ್ಧಕ್ಕೆ ನಿಂತ. ಬಾಗಿಲಿಗೆ ಬಂದು ಇಣುಕಿದ.

“ಯಾರ್ರೀ ಅವರು, ಹಾಡಾಕತ್ತಾರಲ್ಲ?”

ಯಂತ್ರದ ಮೇಲೆ ರೆಕಾರ್ಡು ತಿರುಗುತ್ತಿತ್ತು. ಮನೆ ಎಂದಿನಂತೆ ಮೌನವಾಗಿತ್ತು. ಕೈಸನ್ನೆ ಮಾಡಿ ಒಳಗೆ ಕರೆದೆ. ಅವನು ಚಪ್ಪಲಿ ಬಿಟ್ಟು ಬಂದು ನೆಲದ ಮೇಲೆ ಕೂತು ಕಿವಿಗೊಟ್ಟ. ಅವನ ಕತ್ತು ಮೆಲ್ಲಗೆ ಓಲಾಡುವುದನ್ನು ನಾನು ನೋಡಿದೆ. ಅವನ ಕಣ್ಣಿನ ಅಂಚಿನಲ್ಲಿ ಏನೋ ಮೃದುವಾಯಿತು, ಆಮೇಲೆ ತುಟಿಯಲ್ಲಿ ನಗು ಬಂತು. ಮುಳ್ಳು ಕೊನೆಯ ಗೀರಿಗೆ ಬಂತು.

“ಚಲೋ ಐತ್ರಿ” ಎಂದ. “ಆದರ ಭಾಳ ಲಗೂ ಮುಗೀತಲ್ರಿ?”

“ಹೌದಪಾ” ಎಂದೆ. “ಭಾಳ ಲಗೂ ಮುಗೀತು.”

ಮಾತು ಕೇಳಿ ಗಿರಿಜಮ್ಮ ಹಿತ್ತಿಲಿನಿಂದ ಬಂದಿದ್ದಳು. ಹಸಿ ಕೈಗಳನ್ನು ಸೆರಗಿಗೆ ಒರೆಸಿಕೊಂಡು ಬಾಗಿಲಲ್ಲಿ ನಿಂತವಳು ಅವನನ್ನೂ ನನ್ನನ್ನೂ ನೋಡಿದಳು. ಏನಾಯಿತೆಂದು ಯಾರೂ ಅವಳಿಗೆ ಹೇಳಬೇಕಾಗಲಿಲ್ಲ. “ಇನ್ನೊಮ್ಮೆ ಹಚ್ಚರಿ” ಎಂದು ನನಗೆ ಹೇಳಿ, ತಿಪ್ಪಣ್ಣನ ಎದುರಿಗೆ ಹೊಸ್ತಿಲ ಮೇಲೆ ಕೂತಳು. ನಾನು ಮುಳ್ಳನ್ನು ಮತ್ತೆ ಹಿಂದಿಟ್ಟೆ. ಅವಳು ಯಂತ್ರವನ್ನು ನೋಡಲಿಲ್ಲ, ಅವನ ಮುಖವನ್ನೇ ನೋಡುತ್ತಿದ್ದಳು.

“ಈಗ ಹಾಡಾಕತ್ತಾಳೇನಪಾ?” ಎಂದು ಮೆಲ್ಲಗೆ ಕೇಳಿದಳು.

“ಹಾಡಾಕತ್ತಾರ್ರೀ, ಯವ್ವಾ.”

“ಹಂಗಾರ ಮಾತಾಡಬ್ಯಾಡ” ಎಂದಳು. “ಕೇಳು.”